ಜಾಗ ಖಾಲಿಯಾದ ಮೇಲೆ

ಮಗಳ ದೋಸೆಗೆ ಚಟ್ನಿ ಅರೆಯುವಾಗಲೇ ಮಿಕ್ಸಿ ಕೆಟ್ಟು ನಿಂತಿತು. ಸುಚಿತ್ರಾ ಅದನ್ನು ಚೀಲಕ್ಕೆ ಹಾಕಿಕೊಂಡು ಸಾಗರದ ಬಸ್‌ಸ್ಟ್ಯಾಂಡ್ ಎದುರಿನ ರಿಪೇರಿ ಅಂಗಡಿಗೆ ಬಂದಳು. ಅಂಗಡಿಯ ದುರ್ಗೇಶ ಆಗಲೇ ಒಬ್ಬ ಹೆಂಗಸಿನ ಮೊಬೈಲ್ ನೋಡುತ್ತಿದ್ದ. ಪಕ್ಕದಲ್ಲಿ ಅವಳ ಏಳೆಂಟು ವರ್ಷದ ಮಗಳು ನಿಂತಿದ್ದಳು.

“ಈ ‘ಸ್ಟೋರೇಜ್ ಫುಲ್’ ಅನ್ನೋದು ಯಾವಾಗಿಂದ ಬರ್ತಿದೆ, ಪುಷ್ಪಕ್ಕ?”

“ದೀಪಾವಳಿಯಿಂದ. ಫೋನೂ ಎಮ್ಮೆ ಥರ ನಿಧಾನ ಆಗಿದೆ.”

“ಆಗ್ದೇ ಇರುತ್ತಾ? ಹೊಸದನ್ನ ಬರ್ಕೊಳ್ಳೋಕೆ ಅದಕ್ಕೂ ಜಾಗ ಬೇಕಲ್ಲ.”

“ಅದಕ್ಕೇ ಅಪ್ಪನ ಗುಡ್ ಮಾರ್ನಿಂಗ್ ಬರ್ತಿಲ್ಲ,” ಎಂದಳು ಹುಡುಗಿ. “ಅಮ್ಮನೇ ಹೇಳಿದ್ಲು. ಬೋರ್‌ವೆಲ್ ಲಾರಿ ಕೆಲಸಕ್ಕೆ ಹೋದಲ್ಲಿಂದ ದಿನಾ ಒಂದು ಹೂವಿನ ಫೋಟೋ ಕಳಿಸ್ತಿದ್ರು.”

“ನೀವೇ ಫೋನ್ ಮಾಡ್ಲಿಲ್ವಾ ಅಕ್ಕ?”

“ಸ್ವಿಚ್ ಆಫ್ ಅಂತ ಬರುತ್ತೆ.”

ದುರ್ಗೇಶ ಫೋನಿನಲ್ಲಿದ್ದದ್ದನ್ನು ಒಂದೊಂದಾಗಿ ಅಳಿಸುತ್ತ ಹೋದ.

“ಹಳೇ ವೀಡಿಯೋ ಎಲ್ಲ ತೆಗೆದೆ. ಹೂವಿನ ಫೋಟೋ ಮುಟ್ಟಿಲ್ಲ. ತಡೆದು ನಿಂತಿದ್ದೆಲ್ಲ ಈಗ ಬಂದು ಬೀಳುತ್ತೆ, ನೋಡಿ.”

ಫೋನ್ ಟಿಂಗ್ ಟಿಂಗ್ ಎನ್ನತೊಡಗಿತು. ಹುಡುಗಿ ಕತ್ತು ಚಾಚಿ ಓದಿದಳು.

“ಸ್ಕೂಲ್ ಗ್ರೂಪು. ಸಂಘದ್ದು. ಮತ್ತೆ ಸಂಘದ್ದು. ಶ್ಯಾಮಲತ್ತೆ.”

ಸದ್ದು ನಿಂತಿತು.

“ಇನ್ನೂ ಬರೋದು ಇರ್ಬೋದಾ, ದುರ್ಗೇಶ?”

“ಇಲ್ಲ ಅಕ್ಕ. ಇದ್ದಿದ್ದೆಲ್ಲ ಬಂತು.”

ಪುಷ್ಪಕ್ಕ ಫೋನನ್ನು ಚೀಲದ ತಳಕ್ಕೆ ಹಾಕಿ ಮಗಳ ಕೈ ಹಿಡಿದಳು. “ನಡಿ, ನಿಟ್ಟೂರು ಬಸ್ ಬಿಡೋ ಹೊತ್ತಾಯ್ತು.”

ಮೆಟ್ಟಿಲಿಳಿಯುತ್ತ ಹುಡುಗಿ ಕೇಳಿದ್ದು ಸುಚಿತ್ರಾಳಿಗೆ ಸ್ಪಷ್ಟವಾಗಿ ಕೇಳಿಸಿತು.

“ಈಗ ಜಾಗ ಇದೆಯಲ್ಲಮ್ಮ. ಅಪ್ಪ ಯಾಕೆ ಕಳಿಸ್ಲಿಲ್ಲ?”