ಜಾರುಬಂಡಿಯ ಕೆಳಗಿನ ಫರಸಿ ಕಿತ್ತ ಬಗ್ಗೆ ದೈಹಿಕ ಶಿಕ್ಷಕಿಯ ಹೇಳಿಕೆ

ನನ್ನ ಹೆಸರು ಶೀಲಾ, ವಯಸ್ಸು 41 ವರ್ಷ, ಉದ್ಯೋಗ ಕಮಲಾಪುರದ ಖಾಸಗಿ ಪ್ರಾಥಮಿಕ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ, ವಾಸ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆ. ಇಂದು ಠಾಣೆಗೆ ಹಾಜರಾಗಿ ನಾನು ತಿಳಿಸುವುದೇನೆಂದರೆ,

ಕಳೆದ ಜೂನ್‌ನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಬಟ್ಟೆ ವ್ಯಾಪಾರಿ ಹಣಮಂತರಾಯ ಅವರು ನಮ್ಮ ಶಾಲೆಯ ಮೈದಾನಕ್ಕೆ ಜಾರುಬಂಡಿ ಕೊಡಿಸಿದರು. ಅದರ ಕೆಳಗೆ ಶಹಾಬಾದ್ ಫರಸಿ ಕಲ್ಲು ಹಾಸಿಸಿ, ಒಂದು ಕಲ್ಲಿನಲ್ಲಿ ತೀರಿಕೊಂಡ ತಮ್ಮ ತಾಯಿ ಶಾರದಾಬಾಯಿ ಅವರ ಹೆಸರು ಕೊರೆಸಿದರು. ಮಕ್ಕಳು ಬೀಳುವ ಜಾಗದಲ್ಲಿ ಕಲ್ಲು ಬೇಡ, ಮರಳು ಹಾಕಿಸಿ ಎಂದು ನಾನು ಆಗಲೇ ಹೇಳಿದ್ದೆ. ಮರಳಿನಲ್ಲಿ ನಾಯಿಗಳು ಮಲಗುತ್ತವೆ, ಮಕ್ಕಳ ಬಟ್ಟೆ ಹೊಲಸಾಗುತ್ತದೆ ಎಂದು ಅವರು ಒಪ್ಪಲಿಲ್ಲ.

ದಿನಾಂಕ 12-11-2024ರಂದು ಮಧ್ಯಾಹ್ನದ ಬಿಡುವಿನಲ್ಲಿ ಮೂರನೇ ತರಗತಿಯ ಮದಿಹಾ ಏಣಿಯ ಮೇಲಿನ ಮೆಟ್ಟಿಲಿನಿಂದ ಜಾರಿ, ಆರು ಅಡಿ ಕೆಳಗೆ ಆ ಹೆಸರಿನ ಕಲ್ಲಿನ ಮೇಲೆಯೇ ಬಿದ್ದಳು. ಎಡಗೈ ಮುರಿಯಿತು. ಗದ್ದಕ್ಕೆ ನಾಲ್ಕು ಹೊಲಿಗೆ ಬಿದ್ದವು. ಕಲಬುರಗಿಯ ಆಸ್ಪತ್ರೆ ಮುಟ್ಟುವವರೆಗೆ ನನ್ನ ತೊಡೆಯ ಮೇಲಿದ್ದಳು. ಬೈಯುತ್ತಾರೆಂದು ಹೆದರಿ, ತಾನು ಯಾರನ್ನೂ ತಳ್ಳಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು.

ಕಲ್ಲು ತೆಗೆಸುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿದೆ. ದಾನಿಗಳು ನೊಂದುಕೊಳ್ಳುತ್ತಾರೆ, ಬೇಸಿಗೆ ರಜೆಯಲ್ಲಿ ನೋಡೋಣ ಎಂದರು. ಯಾರೂ ಹತ್ತದಂತೆ ನಾನೇ ಜಾರುಬಂಡಿಗೆ ಅಡ್ಡ ಹಗ್ಗ ಕಟ್ಟಿದೆ. ಮಕ್ಕಳು ಹಗ್ಗದ ಕೆಳಗೆ ನುಸುಳಿ ಹತ್ತಿದರು. ಶನಿವಾರ ಸಂಜೆ ಗೇಟಿನ ಬಳಿ, ನಾನೇ ಬಂದು ಕಲ್ಲು ತೆಗೆಯುತ್ತೇನೆ ಎಂದಾಗ ಐದಾರು ಪಾಲಕರು, ನಾಳೆ ತಾವೂ ಬರುವುದಾಗಿ, ಕೂಡಿಯೇ ಕಲ್ಲು ಕೀಳೋಣವೆಂದು ಹೇಳಿದರು.

17-11-2024, ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಒಂಬತ್ತರಿಂದ ಹತ್ತೂವರೆಯವರೆಗೆ ಕಾದೆ. ಯಾರೂ ಬರಲಿಲ್ಲ. ಎದುರು ಮನೆಯಲ್ಲಿರುವ ಶಾಲೆಯ ಆಯಾ ಭಾಗಮ್ಮ ನನ್ನನ್ನು ಕಂಡು, "ಐತವಾರ ಸೈತ ಸಾಲಿಗೇ ಬಂದೀರಲ್ರಿ ಟೀಚರ್, ಮನ್ಯಾಗ ಯಾರೂ ಇಲ್ಲೇನ್ರಿ?" ಎಂದು ನಕ್ಕರು. ಇಲ್ಲ ಎಂದೆ. ಅವರು ಒಳಗೆ ಹೋದರು.

ಶಾಲೆಯ ಹಾರೆ ತೆಗೆದುಕೊಂಡು ನಾನೇ ಕಲ್ಲು ಎಬ್ಬಿಸಿದೆ. ಹೆಸರಿನ ಕಲ್ಲನ್ನು ಎಲ್ಲಕ್ಕಿಂತ ಮೊದಲು ತೆಗೆದು, ತೊಳೆದು, ಕಚೇರಿಯ ಗೋಡೆಗೆ ಆನಿಸಿಟ್ಟೆ. ಉಳಿದವುಗಳಲ್ಲಿ ಮೂರು ಒಡೆದಿವೆ. ಕೆಳಗಿನ ಮಣ್ಣನ್ನು ಅಗೆದು ಸಡಿಲ ಮಾಡುತ್ತಿದ್ದಾಗ, ಯಾರೋ ಫೋನ್ ಮಾಡಿದ್ದರಿಂದ ಹಣಮಂತರಾಯರು ಕಾರಿನಲ್ಲಿ ಬಂದರು. "ನಮ್ಮವ್ವನ ಹೆಸರಿಗೇ ಹಾರಿ ಹಾಕೀರಲ್ರಿ ನೀವು" ಎಂದು ಹೇಳಿ, ಆ ಕಲ್ಲಿನ ಪಕ್ಕ ಕುಳಿತು ಅತ್ತರು. ಆಮೇಲೆ ಠಾಣೆಗೆ ಬಂದು ದೂರು ಕೊಟ್ಟಿದ್ದಾರೆ.

ನನ್ನ ಜೊತೆಗೆ ಯಾರಿದ್ದರು, ಯಾರು ಹೇಳಿಕೊಟ್ಟರು ಎಂದು ಇಲ್ಲಿ ಕೇಳಿದ್ದಕ್ಕೆ, ಯಾರೂ ಇರಲಿಲ್ಲ ಎಂದಿದ್ದೇನೆ.

ಕಲ್ಲನ್ನು ಮೊದಲಿನಂತೆ ಹಾಸಿಸುವುದಾಗಿ, ಮುಂದೆ ಹೀಗೆ ಮಾಡುವುದಿಲ್ಲವೆಂದು ನಾನು ಮುಚ್ಚಳಿಕೆ ಬರೆದುಕೊಟ್ಟರೆ ಹಣಮಂತರಾಯರು ದೂರು ಹಿಂಪಡೆಯುತ್ತಾರೆಂದು ತಿಳಿಸಲಾಯಿತು. ತಾಯಿಯ ಹೆಸರಿನ ಕಲ್ಲಿಗೆ ಕೈ ಹಚ್ಚಿದ್ದಕ್ಕೆ ಅವರ ಕ್ಷಮೆ ಕೇಳುತ್ತೇನೆ. ಮುಚ್ಚಳಿಕೆ ಬರೆಯಲಾರೆ. ಅಲ್ಲಿ ಮತ್ತೆ ಕಲ್ಲು ಹಾಸಿದರೆ ಮತ್ತೆ ಕೀಳುತ್ತೇನೆ. ಈ ಮಾತು ಬರೆದರೆ ನನಗೇ ತೊಂದರೆಯೆಂದು ಹೇಳಿಕೆ ಬರೆದುಕೊಳ್ಳುತ್ತಿದ್ದ ಹವಾಲ್ದಾರರು ಎರಡು ಸಲ ತಿಳಿಸಿದರು. ಬರೆಯಿರಿ ಎಂದೆ.

ಇದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಕಮಲಾಪುರ
ದಿನಾಂಕ: 17-11-2024
ಸಹಿ: ಶೀಲಾ