ಇಬ್ಬರು ರಾಜಕುಮಾರರ ಅಳತೆ

…ಅಯ್ಯೋ, ನಾಟಕಕ್ಕಲ್ಲ ಮಾಸ್ಟ್ರೇ! ಮೂರನೇ ಸಲ ಹೇಳ್ತಿದೀನಿ. ನಾಟಕಕ್ಕಲ್ಲ, ಸ್ಕೂಲಿನ ವೇಷದ ಸ್ಪರ್ಧೆಗೂ ಅಲ್ಲ. ಹಾಕ್ಕೊಂಡು ಓಡಾಡೋಕೆ. ನಾನೇ. ಹೌದು, ನಾನೇ… ಯಾಕೆ ಬೋರ್ಡ್ ಕಡೆ ನೋಡ್ತೀರಿ? ಓದ್ಕೊಂಡೇ ಒಳಗೆ ಬಂದೆ. ‘ಗಂಡಸರ ಉಡುಪು ಮಾತ್ರ.’ ನಾನು ಕೇಳ್ತಿರೋದೂ ಅದನ್ನೇ ಅಲ್ವಾ? ಕೋಟು, ಒಳಗೊಂದು ವೇಸ್ಟ್‌ಕೋಟು, ಮಂಡಿ ಕೆಳಗೆ ನಿಲ್ಲೋ ಪ್ಯಾಂಟು. ಎದುರುಗಡೆ ಹೆಂಗಸರ ಬಟ್ಟೆ ಹೊಲಿಯೋ ಅಕ್ಕನ ಹತ್ರ ಮೊದಲು ಹೋಗಿದ್ದೆ. ‘ಕೋಟು ನನ್ನ ಕೈಲಾಗಲ್ಲ, ಮಾಸ್ಟ್ರ ಹತ್ರ ಹೋಗು’ ಅಂದ್ರು. ನೀವು ಅವರ ಹತ್ರ ಹೋಗು ಅಂದ್ರೆ, ನಾನು ರಸ್ತೆ ಮಧ್ಯೆ ನಿಂತ್ಕೋಬೇಕು ಅಷ್ಟೆ.

ಕೂತ್ಕೊಳ್ಳಲಾ? ಈ ಚೂರುಗಳನ್ನ ಸ್ವಲ್ಪ ಸರಿಸ್ತೀನಿ… ಅಯ್ಯೋ, ಸೂಜಿ! ಇಲ್ಲ, ಚುಚ್ಚಲಿಲ್ಲ.

ಚಿತ್ರ ನೋಡಿ. ಇದು ಜಪಾನಿನ ಒಂದು ಬೀದಿ. ಅಲ್ಲಿ ಕೆಲವರು ಹೀಗೆ ಉಡ್ತಾರೆ, ಹುಡುಗಿಯರೂ, ಹುಡುಗರೂ. ‘ಓಜಿ’ ಅಂತಾರೆ. ಅಂದ್ರೆ ರಾಜಕುಮಾರ. ಯಾವ ರಾಜಕುಮಾರ? ಯಾರೂ ಅಲ್ಲ. ಹಳೇ ಕಾಲದ ಯುರೋಪಿನಲ್ಲಿ ದೊಡ್ಡ ಮನೆತನದ ಹುಡುಗ ಹೇಗಿದ್ದಿರಬಹುದು ಅಂತ ಅವರೇ ಅಂದ್ಕೊಂಡಿದ್ದು. ಕತ್ತಿನ ಹತ್ರ ನೆರಿಗೆ ಇದೆಯಲ್ಲ, ಅದು ಬೇಕೇ ಬೇಕು. ತೋಳಿನ ತುದಿಗೂ. ಪ್ಯಾಂಟು ಇಲ್ಲಿಗೆ ನಿಲ್ಲಬೇಕು, ಕೆಳಗೆ ಉದ್ದ ಕಾಲುಚೀಲ… ಯಾಕೆ ನಗ್ತೀರಿ? ನಗಿ, ನಗಿ. ಚಿಕ್ಕಮ್ಮನೂ ನಕ್ಕಳು. ‘ಅರ್ಧ ಪ್ಯಾಂಟಿಗೆ ಪೂರ್ತಿ ಹುಚ್ಚು’ ಅಂದಳು.

ಗಂಡಸಿನ ವೇಷವಾ? ಅಲ್ಲ… ಹೇಗೆ ಹೇಳೋದು. ಗಂಡಾಗೋಕೆ ಹಾಕೋದಲ್ಲ. ನೀವೇ ಹೇಳಿ, ಇಷ್ಟು ನೆರಿಗೆ ಇಟ್ಟು ಯಾವ ಗಂಡಸಿಗಾದ್ರೂ ಹೊಲಿದಿದ್ದೀರಾ? ಇಲ್ವಲ್ಲ! ಇದು ಗಂಡಸರ ಬಟ್ಟೆಯ ಕಡೆಗೆ ವಾಲಿದ್ದು, ಆದ್ರೆ ಅದೇ ಅಲ್ಲ. ಹಾಕ್ಕೊಂಡ್ರೆ ಬೆನ್ನು ನೆಟ್ಟಗಾಗುತ್ತೆ. ಅಷ್ಟು ಸಾಕು ನನಗೆ. ಲ್ಯಾಬಲ್ಲಿ ದಿನವಿಡೀ ನೀರು ಪರೀಕ್ಷೆ ಮಾಡ್ತೀನಿ. ಬಿಳಿ ಕೋಟು ಕೊಟ್ಟಿದ್ದಾರೆ, ಇನ್ನೊಬ್ಬಳೂ ಹಿಡೀತಾಳೆ ಅದರೊಳಗೆ. ಬಂದವರು ಬಾಟಲಿ ನಂಬರ್ ಕೇಳ್ತಾರೆ. ಹೇಳ್ತೀನಿ. ಹೋಗ್ತಾರೆ. ಕೆಲವು ದಿನ ಅಷ್ಟೇ ನನ್ನ ಮಾತು… ನಂಬರ್‌ಗಳು.

ಇರಲಿ. ಎರಡು ಜೊತೆ ಬೇಕು ಮಾಸ್ಟ್ರೇ. ಒಂದು ನನಗೆ, ಒಂದು ನನ್ನ ಗೆಳತಿಗೆ. ಭಾನುವಾರ ಬೆಳಿಗ್ಗೆ ಪಾರ್ಕಿನವರೆಗೆ ನಡ್ಕೊಂಡು ಹೋಗೋದು ಅಂತ. ಒಬ್ಬಳೇ ಹೋದ್ರೆ ಹುಚ್ಚು, ಇಬ್ಬರು ಹೋದ್ರೆ ಫ್ಯಾಷನ್! ಅಲ್ವಾ? ಅವಳಿಗೆ ಭಯವೇ ಇಲ್ಲ. ರಸ್ತೇಲಿ ಯಾರಾದ್ರೂ ನಕ್ಕರೆ ಅಲ್ಲೇ ನಿಂತು ಕೇಳ್ತಾಳೆ, ‘ಏನ್ ಸ್ವಾಮಿ, ಹಲ್ಲು ಒಣಗಿಸ್ತಿದೀರಾ?’ ಅಂತ. ನನಗೆ ಅಷ್ಟು ಬಾಯಿಲ್ಲ.

ಟ್ರಯಲ್‌ಗಾ? ಬರ್ತಾಳೆ, ಬರ್ತಾಳೆ. ಊರಿಗೆ ಬಂದೋಳು ನೀರಿಗೆ ಬರಲ್ವಾ? ಆದ್ರೆ ಈ ವಾರ ಕಷ್ಟ. ಮುಂದಿನ ವಾರಾನೂ… ಅದಕ್ಕೇ ಅಳತೆ ಬರ್ಕೊಂಡು ಬಂದಿದೀನಿ. ತಗೊಳ್ಳಿ, ಎರಡು ಹಾಳೆ. ಇದು ನಂದು, ಇದು ಅವಳದು. ಎಲ್ಲಾ ಸೆಂಟಿಮೀಟರಲ್ಲಿ. ಮೂರು ಮೂರು ಸಲ ಅಳೆದು ಸರಾಸರಿ ತೆಗೆದಿದ್ದು. ನಗಬೇಡಿ, ಲ್ಯಾಬಿನ ಅಭ್ಯಾಸ. ಅವಳು ನನಗಿಂತ ಸ್ವಲ್ಪ ದಪ್ಪ, ಸ್ವಲ್ಪ ಎತ್ತರ.

…ಯಾಕೆ, ಅರ್ಥ ಆಗಲಿಲ್ವಾ? ಅಕ್ಷರ ಚೆನ್ನಾಗೇ ಇದೆಯಲ್ಲ. ಎರಡೂ ಹಾಳೆ ಪಕ್ಕಪಕ್ಕ ಯಾಕಿಟ್ರಿ?

ಹೌದು, ಕತ್ತು. ಮೂವತ್ತಮೂರು, ಮೂವತ್ತೈದು. ಸೊಂಟ ಎಪ್ಪತ್ತು, ಎಪ್ಪತ್ತೆರಡು. ಮಣಿಕಟ್ಟು… ಹದಿನೈದು, ಹದಿನೇಳು. ದಪ್ಪ ಅಂದ್ನಲ್ಲ, ಮಣಿಕಟ್ಟೂ ದಪ್ಪ. ತೋಳಿನುದ್ದ? ಅದೂ ಎರಡೇ ಜಾಸ್ತಿ. ಮಂಡಿ… ಹೂಂ. ಎರಡು.

ಬೆರಳು ತೆಗೀರಿ ಮಾಸ್ಟ್ರೇ.

ಏನಾದ್ರೂ ಅನ್ನಿ… ಬೇಕಾದ್ರೆ ಬೈರಿ. ಹೀಗೆ ಕನ್ನಡಕದ ಮೇಲಿಂದ ನೋಡ್ತಾ ಕೂರಬೇಡಿ. ಗೊತ್ತು ನನಗೆ. ಯಾರ ಮೈಯೂ ಎಲ್ಲಾ ಕಡೆ ಎರಡೆರಡು ಸೆಂಟಿಮೀಟರ್ ಜಾಸ್ತಿ ಇರಲ್ಲ. ಲ್ಯಾಬಲ್ಲಿ ಯಾರಾದ್ರೂ ಇಂಥ ಅಂಕಿ ತಂದುಕೊಟ್ರೆ ನಾನೇ ಹಿಡೀತೀನಿ. ‘ಇದು ಅಳೆದಿದ್ದಲ್ಲ, ಕೂತು ಬರೆದಿದ್ದು’ ಅಂತ ವಾಪಸ್ ಕಳಿಸ್ತೀನಿ.

ಇಲ್ಲ. ಗೆಳತಿ ಇಲ್ಲ. ಸತ್ತಿಲ್ಲ, ಜಗಳ ಆಡಿಲ್ಲ, ಊರು ಬಿಟ್ಟಿಲ್ಲ. ಇರಲೇ ಇಲ್ಲ.

ಚಿಕ್ಕಮ್ಮ ಕೇಳಿದಳು, ‘ಇದನ್ನ ಹಾಕ್ಕೊಂಡು ಯಾರ ಜೊತೆ ಹೋಗ್ತೀಯೇ?’ ಅಂತ. ಆಗ ಈ ಗೆಳತಿ ಬಾಯಿಗೆ ಬಂದುಬಿಟ್ಟಳು. ಒಂದು ಸಲ ಬಂದ ಮೇಲೆ ಹೋಗಲೇ ಇಲ್ಲ ಮಾಸ್ಟ್ರೇ. ಅವಳ ಮಾತು ಬಂತು, ನಗು ಬಂತು… ಕೊನೆಗೆ ಅವಳಿಗೂ ಒಂದು ಕೋಟು ಬೇಡವಾ ಅನ್ನಿಸಿತು. ಒಂದೇ ಜೊತೆ ಅಂದಿದ್ರೆ ನೀವೂ ಅದನ್ನೇ ಕೇಳ್ತಿದ್ರಿ. ಕೇಳ್ತಿರಲಿಲ್ವಾ?

ಕೊಡಿ ಆ ಹಾಳೆ. ಒಂದೇ ಸಾಕು… ಚಾಕ್ ತಗೊಂಡ್ರಾ? ಅಂದ್ರೆ, ಹೊಲೀತೀರಾ? ನನಗೊಬ್ಬಳಿಗೇ?

ಮತ್ತೇನು? ನನ್ನ ಹಾಳೇಲಿ ಸುಳ್ಳಿಲ್ಲ, ಎಲ್ಲಾ ಅಳೆದಿದ್ದು. ಯಾವುದು? ಇದಾ… ಭುಜದಿಂದ ಭುಜ, ಬೆನ್ನ ಮೇಲೆ. ಮೂವತ್ತೆಂಟು. ಸರಿಯಾಗೇ ಇದೆ. ಗೊತ್ತು, ಅದನ್ನ ಒಬ್ಬರೇ ಅಳೆದ್ಕೊಳ್ಳೋಕಾಗಲ್ಲ. ಹಿಂದೆ ಇನ್ನೊಬ್ಬರು ಬೇಕು…

ರೂಮಿನ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಈ ಭುಜದ ಹತ್ರ ಒಂದು ಪೆನ್ಸಿಲ್ ಗೀಟು, ಆ ಭುಜದ ಹತ್ರ ಒಂದು. ಆಮೇಲೆ ಈಚೆ ಬಂದು, ತಿರುಗಿ, ಗೋಡೆನ ಅಳೆದೆ.