ಗುರ್ಜಿ ಹೊತ್ತ ಸಾಹುಕಾರ

ಒಬ್ಬ ಸಾಹುಕಾರನಿದ್ದ. ಯಾವ ಊರು ಎಂದು ಕೇಳಬೇಡಿ, ಕೇಳಿದರೆ ನಿಮ್ಮ ಊರಿನ ಹೆಸರನ್ನೇ ಹೇಳಬೇಕಾದೀತು. ಪೇಟೆಯ ನಡುವೆ ದೊಡ್ಡ ಬಟ್ಟೆ ಅಂಗಡಿ, ಕೂತರೆ ಏಳಲು ಮನಸ್ಸಾಗದ ಗಾದಿ, ಗೋಡೆ ತುಂಬ ದೇವರ ಫೋಟೋ. ಎಲ್ಲ ಇತ್ತು. ಗಿರಾಕಿ ಮಾತ್ರ ಇರಲಿಲ್ಲ.

ಮೊದಲು ಹೀಗಿರಲಿಲ್ಲ ನೋಡಿ. ಆ ಅಂಗಡಿಯಲ್ಲಿ ಒಬ್ಬ ಗುಮಾಸ್ತನಿದ್ದ. ಅವನು ಬೆಳಿಗ್ಗೆ ಬಂದು ಕೂತರೆ ಸಾಕು, ಜನ ನುಗ್ಗುತ್ತಿದ್ದರು. ಪೇಟೆಯವರು ಅವನಿಗೆ ಗಿರಾಕಿಗಳ ಮಳೆ ತರುವ ಮನುಷ್ಯ ಎಂದೇ ಹೆಸರಿಟ್ಟಿದ್ದರು. ಕೇಳಿ ಕೇಳಿ ಸಾಹುಕಾರನಿಗೆ ಹೊಟ್ಟೆ ಉರಿಯಿತು. ಅಂಗಡಿ ನನ್ನದು, ಬಟ್ಟೆ ನನ್ನದು, ಬೋರ್ಡಿನ ಮೇಲಿನ ಹೆಸರು ನನ್ನದು, ಮಳೆ ಮಾತ್ರ ಇವನದ್ದೇ? ಒಂದು ದಿನ ಗಿರಾಕಿಗಳ ಎದುರಿಗೇ, "ನಿನ್ನ ಕಾಲ್ಗುಣ ನಿನ್ನ ಮನ್ಯಾಗ ಇಟ್ಕೋ, ನಾಳಿಂದ ಬರಬ್ಯಾಡ" ಎಂದುಬಿಟ್ಟ. ಗುಮಾಸ್ತ ಹರಡಿದ್ದ ಸೀರೆಯನ್ನು ಮಡಚಿಟ್ಟು ಹೊರಟುಹೋದ.

ಮೂರು ವರ್ಷವಾಯಿತು. ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ದಸರೆ ಮುಗಿದ ಮೇಲೆ ಬಾಗಿಲು ಮುಚ್ಚಿಬಿಡುವುದು ಎಂದು ಸಾಹುಕಾರ ಗಟ್ಟಿ ಮಾಡಿಕೊಂಡ. ತಂದೆ ಕಟ್ಟಿದ ಅಂಗಡಿ ಅದು. ನೆನೆದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ವರ್ಷ ಮೇಲಿನ ಮಳೆಯೂ ಕೈಕೊಟ್ಟಿತು. ಊರವರು ಗುರ್ಜಿ ಹೊರೋಣ ಎಂದರು. ಹಿರಿಯರಿಗೆ ಗೊತ್ತು, ಗೊತ್ತಿಲ್ಲದ ಮಕ್ಕಳಿಗಾಗಿ ಹೇಳುತ್ತೇನೆ. ರೊಟ್ಟಿ ಬೇಯಿಸುವ ಹಂಚಿನ ಮೇಲೆ ಸಗಣಿಯಲ್ಲಿ ಗುರ್ಜಿ ಎಂಬ ಮಳೆದೇವರ ಮೂರ್ತಿ ಮಾಡಿ, ಗರಿಕೆ ಸಿಕ್ಕಿಸಿ, ಒಬ್ಬ ಅದನ್ನು ತಲೆಯ ಮೇಲೆ ಹೊತ್ತು ಮನೆ ಮನೆಯ ಮುಂದೆ ನಿಂತು ಕೂಗಬೇಕು. ಮನೆಯವರು ಒಂದು ಕೊಡ ನೀರು ಸುರಿಯಬೇಕು, ಒಂದು ಬೊಗಸೆ ಜೋಳ ಕೊಡಬೇಕು. ಕೊನೆಗೆ ಬಂದ ಜೋಳವನ್ನು ಅಡಿಗೆ ಮಾಡಿ ಊರೆಲ್ಲ ಕೂತು ಉಣ್ಣಬೇಕು.

ಆ ಊರಿನಲ್ಲಿ ನಲವತ್ತು ವರ್ಷದಿಂದ ಗುರ್ಜಿ ಹೊರುತ್ತಿದ್ದವನು ಒಬ್ಬ ಮುದುಕ. ಸಾಹುಕಾರ ಅವನನ್ನು ಅಂಗಡಿಗೆ ಕರೆಸಿದ. "ಅಜ್ಜಾ, ನಿನ್ನ ತಲಿಗೆ ಮಳಿ ಬರ್ತೈತಂತ. ದಿನಾ ಬಂದು ಈ ಗಾದಿ ಮ್ಯಾಲ ಕುಂಡ್ರು, ಗಿರಾಕೀನೂ ಬರಲಿ. ಊಟ, ಉಡಾಕ ಅರಿವಿ ಎಲ್ಲಾ ನಾ ನೋಡ್ಕೋತೀನಿ" ಎಂದ. ನಗುತ್ತಿದ್ದೀರಿ. ನೀವು ಹೊಸ ಅಂಗಡಿ ತೆರೆಯುವಾಗ ಯಾರ ಕಾಲ್ಗುಣ ಒಳ್ಳೆಯದು ಎಂದು ಊರೆಲ್ಲ ಹುಡುಕುವುದಿಲ್ಲವೇ?

ಮುದುಕನೂ ನಕ್ಕ. "ಕುಂತ್ರ ಮಳಿ ಬರಂಗಿಲ್ರಿ ಸಾಹುಕಾರ್ರ, ತಿರುಗಬೇಕ್ರಿ. ಈ ವರ್ಷ ನನ್ನ ಕುತ್ತಿಗಿ ಹಿಡಕೊಂಡೈತಿ. ಬೇಕಾದ್ರ ನೀವ ಹೊರ್ರಿ. ಆದ್ರ ಹೊತ್ತ ಮ್ಯಾಲ ಊರಾಗಿನ ಒಂದು ಬಾಗ್ಲಾನೂ ಬಿಡಂಗಿಲ್ಲ. ಬಿಟ್ರ ಹಂಚು ಇಳಿಸಿಬಿಡಬೇಕು."

ಸಾಹುಕಾರ ಯೋಚಿಸಿದ. ಗುಣ ಹಂಚಿನಲ್ಲಿದ್ದರೆ ನನ್ನ ತಲೆಗೇ ಇಳಿಯಲಿ, ಇನ್ನೊಬ್ಬನ ಹಂಗೇಕೆ? ಒಪ್ಪಿಕೊಂಡ. ಜರಿ ರುಮಾಲು ಬಿಚ್ಚಿಟ್ಟು ಹಂಚು ಹೊತ್ತ.

ಮೊದಲನೆಯ ಮನೆ. ಸುಮ್ಮನೆ ನಿಂತ. "ಕೂಗ್ರಿ" ಎಂದ ಜೊತೆಗೆ ಬಂದಿದ್ದ ಮುದುಕ. "ಯಾರಂತ ಕೂಗ್ಲಿ?" ನೋಡಿ, ಆ ಮನೆಯ ಮೂರು ಮದುವೆಗೆ ಬಟ್ಟೆ ಕೊಟ್ಟವನು ಇವನೇ, ಹೆಸರು ಗೊತ್ತಿಲ್ಲ. ಮುದುಕ ಹೆಸರು ಹೇಳಿಕೊಟ್ಟ, ಸಾಹುಕಾರ ಕೂಗಿದ. ಎರಡನೆಯ ಮನೆಯಲ್ಲೂ ಅದೇ ಕಥೆ, ಹತ್ತನೆಯ ಮನೆಯಲ್ಲೂ ಅದೇ ಕಥೆ. ಕುಡಿಯಲು ನೀರಿಲ್ಲ ಎನ್ನುತ್ತಿದ್ದ ಮನೆಗಳಿಂದಲೂ ಒಂದೊಂದು ಕೊಡ ಹೊರಗೆ ಬಂತು. ನೀರು ಸುರಿದಂತೆಲ್ಲ ಸಗಣಿ ಕರಗಿ ಸಾಹುಕಾರನ ಮೀಸೆಗೆ ಇಳಿಯಿತು.

ಒಂದು ಮನೆಯ ಮುದುಕಿ ನೀರು ಹಾಕಿ, "ನಿಮ್ಮ ಮೊಣಕಾಲ ನೋವು ಹ್ಯಾಂಗೈತ್ರಿ, ಇಷ್ಟು ದೂರ ನಡದೀರಿ" ಎಂದು ಕೇಳಿದಳು. ಸಾಹುಕಾರನ ಮೊಣಕಾಲು ಅವಳಿಗೆ ಗೊತ್ತು, ಅವಳ ಹೆಸರನ್ನು ಅವನಿಗೆ ಮುದುಕ ಹೇಳಿಕೊಡಬೇಕಾಗಿತ್ತು. ನೂರು ಕೊಡ ನೀರಿಗೆ ಬಾರದ ನಡುಕ ಆ ಒಂದು ಮಾತಿಗೆ ಬಂತು. ಅವನಿಗೆ ನಾಚಿಕೆಯಾಗಿತ್ತು.

ಕೊನೆಯ ಓಣಿ ಬಂತು. ಯಾರ ಮನೆ ಅಲ್ಲಿ? ಗುಮಾಸ್ತನ ಮನೆ. ಸಾಹುಕಾರನ ಕಾಲು ನಿಂತೇಬಿಟ್ಟಿತು.

"ಈ ಓಣಿ ಬ್ಯಾಡ ಅಜ್ಜಾ."

"ಹಂಗಾರ ಹಂಚು ಇಳಸ್ರಿ."

ಹಿಂದೆ ಇಡೀ ಊರು ನಿಂತಿದೆ. ಇಳಿಸಿದರೆ ಊರಿನ ಗುರ್ಜಿ ಕೆಡುತ್ತದೆ, ಹೋದರೆ ತನ್ನ ದೊಡ್ಡಸ್ತಿಕೆ ಹೋಗುತ್ತದೆ. ಎಷ್ಟು ಹೊತ್ತು ನಿಂತನೋ. ಆಮೇಲೆ ನಡೆದ. ಈ ಸಲ ಮುದುಕ ಹೆಸರು ಹೇಳಿಕೊಡಬೇಕಾಗಲಿಲ್ಲ. ಇದೊಂದು ಹೆಸರು ಅವನಿಗೆ ಗೊತ್ತಿತ್ತು.

"ಈರಸಂಗಪ್ಪಾ" ಎಂದು ಕೂಗಿದ.

ಗುಮಾಸ್ತ ಕೊಡ ಹಿಡಿದು ಹೊರಗೆ ಬಂದ. ತಲೆಯ ಮೇಲೆ ಹಂಚು, ಬಗ್ಗುವ ಹಾಗಿಲ್ಲ, ಮುಖ ತಿರುಗಿಸುವ ಹಾಗಿಲ್ಲ. ಕಣ್ಣಿಗೆ ಕಣ್ಣು ಕೊಟ್ಟೇ ಸಾಹುಕಾರ ಹೇಳಿದ: "ಮಂದಿ ಮುಂದ ಅಂದಿದ್ದೆ. ಮಂದಿ ಮುಂದನ ಹೇಳ್ತೀನಿ. ನಂದು ತಪ್ಪಾತು ಅಪ್ಪಾ."

ಗುಮಾಸ್ತ ನಿಧಾನವಾಗಿ ನೀರು ಸುರಿದ. ತನ್ನ ಹೆಗಲ ಟವೆಲಿನಿಂದ ಸಾಹುಕಾರನ ಕಣ್ಣು ಒರೆಸಿದ. ಏನೆಂದ ಗೊತ್ತೇ? "ಮುಂದಿನ ಮನ್ಯಾಗ ಬಾಣಂತಿ ಅದಾಳ್ರಿ, ಕೂಸು ಈಗ ಮಲಗಿರ್ತೈತಿ. ಮೆಲ್ಲಕ ಕೂಗಬೇಕು. ನಡ್ರಿ, ನಾನೂ ಬರ್ತೀನಿ."

ಆಗ ತಿಳಿಯಿತು ಸಾಹುಕಾರನಿಗೆ. ಗುಣ ಇವನ ಕಾಲಿನಲ್ಲೂ ಇರಲಿಲ್ಲ, ಹಂಚಿನಲ್ಲೂ ಇರಲಿಲ್ಲ. ಯಾವ ಮನೆಯಲ್ಲಿ ಕೂಸು ಯಾವಾಗ ಮಲಗುತ್ತದೆ ಎಂದು ಬಲ್ಲವನ ಹತ್ತಿರ ಜನ ಬಾರದೆ ಇನ್ನೆಲ್ಲಿಗೆ ಹೋಗುತ್ತಾರೆ?

ಮಳೆ ಬಂತೇ ಎಂದು ಕೇಳುತ್ತೀರಿ. ಅಂದು ಬರಲಿಲ್ಲ. ನಿಮ್ಮನ್ನು ಮೆಚ್ಚಿಸಲು ಸುಳ್ಳು ಹೇಳಲಾರೆ. ಹದಿಮೂರು ದಿನದ ಮೇಲೆ ಬಂತು, ಅದು ಮೋಡಕ್ಕೆ ಬಿಟ್ಟಿದ್ದು. ಆದರೆ ಅಂದು ಊರೆಲ್ಲ ಒಂದೇ ಸಾಲಿನಲ್ಲಿ ಕೂತು ಉಂಡಿತು, ಸಾಹುಕಾರ ಒದ್ದೆ ಧೋತರದಲ್ಲೇ ಬಡಿಸಿದ. ಮರುದಿನ ಆ ಮೊಣಕಾಲು ವಿಚಾರಿಸಿದ ಮುದುಕಿ ಮೊಮ್ಮಗಳಿಗೆ ಬಟ್ಟೆ ತೆಗೆಯಲು ಬಂದಳು. ಸಾಹುಕಾರ ಗಾದಿಯಿಂದ ಎದ್ದು ಬಂದು ಅವಳನ್ನು ಹೆಸರು ಹಿಡಿದು ಮಾತನಾಡಿಸಿದ. ಪಕ್ಕದಲ್ಲಿ ಗುಮಾಸ್ತ ಬಟ್ಟೆಯ ಥಾನು ಬಿಚ್ಚುತ್ತಿದ್ದ. ದಸರೆ ಬಂತು, ಹೋಯಿತು, ಅಂಗಡಿ ಮುಚ್ಚಲಿಲ್ಲ.

ಈಗ ನಿಮ್ಮ ಸರದಿ. ಮನೆಗೆ ಏಳಿಗೆ ತರುವ ಸೊಸೆ ಬೇಕು, ಅಂಗಡಿಗೆ ಗಿರಾಕಿ ತರುವ ಆಳು ಬೇಕು, ಊರಿಗೆ ಮಳೆ ತರುವ ದೇವರು ಬೇಕು. ನೀವು ಮಾತ್ರ ಗಾದಿ ಬಿಟ್ಟು ಏಳುವುದಿಲ್ಲ. ನಾಳೆಯಿಂದ ಒಂದು ಕೆಲಸ ಮಾಡಿ. ಹಾಲು ಹಾಕುವವನ, ಓಣಿ ಗುಡಿಸುವವಳ, ಎದುರು ಮನೆಯವರ ಹೆಸರು ತಿಳಿದುಕೊಂಡು ಹೆಸರು ಹಿಡಿದು ಕರೆಯಿರಿ. ಬಾಗಿಲಿಗೆ ಹೋದಾಗ ಮೊದಲು ಅವರ ಸುಖದುಃಖ ಕೇಳಿ, ನಿಮ್ಮ ಕೆಲಸ ಆಮೇಲೆ ಹೇಳಿ. ಇನ್ನು, ನೀವು ಮಾತು ಬಿಟ್ಟ ಮನೆ ಒಂದಿದೆಯಲ್ಲ, ತಲೆ ತಗ್ಗಿಸಬೇಡಿ, ನಿಮಗೇ ಹೇಳುತ್ತಿರುವುದು. ಪ್ರವಚನದ ಕೊನೆಗೆ ಪ್ರಸಾದ ಉಂಡು ಏಳುವಾಗ ಇಂದು ಆ ಓಣಿಯಿಂದಲೇ ಮನೆಗೆ ಹೋಗಿ. ಬಾಗಿಲ ಮುಂದೆ ನಿಂತು ಒಂದು ಸಲ ಹೆಸರು ಹಿಡಿದು ಕೂಗಿ. ಒಳಗಿನವರು ಮೂರು ವರ್ಷದಿಂದ ಕಾಯುತ್ತಿರಬಹುದು.